ವಚನದ ಪಲ್ಲ ಯಾವುದು?

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಕೊಟ್ಟೂರಿನಲ್ಲಿ ಆಡಿದ ಮಾತುಗಳು. ಧ್ವನಿಮುದ್ರಣದಿಂದ ಬರೆದುಕೊಂಡದ್ದು.)





ನಿನ್ನೆ ಪ್ರವಚನ ಮುಗಿದು ಎಲ್ಲರೂ ಪ್ರಸಾದಕ್ಕೆ ಎದ್ದ ಮೇಲೆ ಒಬ್ಬ ಗೃಹಸ್ಥರು ನಮ್ಮ ಹತ್ತಿರ ಬಂದರು. ಅವರ ಮಗ ಮಠದ ಪಾಠಶಾಲೆಯಲ್ಲಿ ಓದುತ್ತಾನೆ, ಸಂಜೆ ಸಂಗೀತದ ಪಾಠಕ್ಕೂ ಕೂಡುತ್ತಾನೆ. "ಬುದ್ಧೀ, ಹುಡುಗ ನಾಕು ಭಜನಿ ಪದ ಕಲೀಲಿ ಅಂತ ಬಿಟ್ಟಿದ್ವಿ. ಅವ ನೋಡಿದ್ರ ಮನಿಗೆ ಬಂದಾಗೆಲ್ಲ ತೊಡಿ ಬಡಕೊಂತ ಹನ್ನೆರಡು ಮಾತ್ರೆ, ಹದಿನಾರು ಮಾತ್ರೆ ಅಂತಾನ. ದೇವರ ಹಾಡಿಗೆ ಲೆಕ್ಕ ಯಾಕ್ರಿ? ಭಕ್ತಿ ಇದ್ರ ಸಾಲದೇನ್ರಿ?" ಎಂದು ಕೇಳಿದರು. ಆ ಗೃಹಸ್ಥರು ಇಲ್ಲೇ ಎಲ್ಲೋ ಕುಳಿತಿರಬೇಕು. ನಾಳೆ ಹೇಳುತ್ತೇವೆ ಎಂದು ಅವರಿಗೆ ಮಾತು ಕೊಟ್ಟಿದ್ದೆವು. ಆದ್ದರಿಂದ ಇಂದು ನಡೆಯಬೇಕಾಗಿದ್ದ ವಿಷಯವನ್ನು ನಾಳೆಗೆ ಇಟ್ಟುಕೊಂಡು, ಇಂದು ಹಾಡಿನ ಲೆಕ್ಕದ ಮಾತನ್ನೇ ಆಡುತ್ತೇವೆ.

ಈ ಪ್ರಶ್ನೆ ಹೊಸದಲ್ಲ. ಇದನ್ನು ಕೇಳುವವರು ಸಾಮಾನ್ಯವಾಗಿ ಬಸವಣ್ಣನವರನ್ನೇ ಸಾಕ್ಷಿಗೆ ಕರೆಯುತ್ತಾರೆ. ತನಗೆ ತಾಳಮಾನದ ತಿಳಿವಳಿಕೆ ಇಲ್ಲ, ತನಗೆ ಒಲಿದ ಹಾಗೆ ಹಾಡುತ್ತೇನೆ ಎಂಬ ಅರ್ಥದ ವಚನ ಅಣ್ಣನವರದು ಇದೆಯಷ್ಟೆ. ಅದನ್ನು ಹಿಡಿದುಕೊಂಡು, ಅಣ್ಣನವರಿಗೇ ಬೇಡವಾದ ತಾಳ ನಮಗೇಕೆ ಎನ್ನುತ್ತಾರೆ. ಆದರೆ ಅದೇ ಅಣ್ಣನವರು ಇನ್ನೊಂದು ವಚನದಲ್ಲಿ ತಮ್ಮ ಮೈಯನ್ನೇ ವಾದ್ಯ ಮಾಡಿಕೊಂಡು ನುಡಿಸೆಂದು ದೇವರನ್ನು ಬೇಡಿದ್ದಾರೆ. ದಂಡಿಗೆ ಯಾವುದಾಗಬೇಕು, ಸೋರೆಯ ಬುರುಡೆ ಯಾವುದಾಗಬೇಕು, ತಂತಿ ಯಾವುದು, ಮೀಟುವ ಕಡ್ಡಿ ಯಾವುದು ಎಂದು ವಾದ್ಯ ಕಟ್ಟುವವನು ಜೋಡಿಸುವಂತೆ ಒಂದೊಂದಾಗಿ ಜೋಡಿಸಿ, ಕೊನೆಗೆ ಮೂವತ್ತೆರಡು ರಾಗಗಳ ಮಾತು ಎತ್ತುತ್ತಾರೆ. ವಾದ್ಯ ಹೇಗೆ ಕಟ್ಟುತ್ತಾರೆಂಬುದನ್ನು ಕಣ್ಣಿಟ್ಟು ನೋಡದವರಿಗೆ ಆ ವಚನ ಹುಟ್ಟಲು ಸಾಧ್ಯವೇ? ಲೆಕ್ಕವನ್ನು ಬಲ್ಲವರು ಲೆಕ್ಕ ತಿಳಿಯದು ಎಂದರೆ ಅದು ವಿನಯ. ಬಾರದವರು ಅದೇ ಮಾತು ಆಡಿದರೆ ಅದು ಬರೀ ನಿಜ!

ಮೊದಲು ಲೆಕ್ಕವೆಂದರೇನು ನೋಡೋಣ. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಕಪಿಲೆ ಹೊಡೆದವರು ಇದ್ದೀರಿ. ಈಗ ಬಾವಿಗೆ ಕಪಿಲೆ ಇಲ್ಲ, ಪಂಪುಸೆಟ್ಟು ಬಂದು, ಅದರ ಮೇಲೆ ಬೋರೂ ಬಂದಿದೆ. ಆದರೂ ನೆನಪು ಮಾಡಿಕೊಳ್ಳಿರಿ. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತವೆ, ಬಾನಿ ಮೇಲೆ ಬರುತ್ತದೆ, ಒಂದು ಜಾಗದಲ್ಲಿ ನೀರು ಸುರಿಯುತ್ತದೆ. ಎತ್ತುಗಳು ಹಿಂದಕ್ಕೆ ಹೆಜ್ಜೆಯಿಟ್ಟು ಮೇಲೇರುತ್ತವೆ, ಬಾನಿ ಮತ್ತೆ ಬಾವಿಗೆ ಇಳಿಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಎಷ್ಟು ಸಲ ಇಳಿದು ಹತ್ತಿದರೂ ನೀರು ಸುರಿಯುವ ಜಾಗ ಒಂದೇ. ಕಪಿಲೆ ಹೊಡೆಯುವವನು ಪದ ಹೇಳುತ್ತಿದ್ದನಲ್ಲ, ಅವನ ಪದದ ಸಾಲು ಎಲ್ಲಿ ಮುಗಿಯುತ್ತಿತ್ತು? ನೀರು ಸುರಿಯುವ ಹೊತ್ತಿಗೇ ಮುಗಿಯುತ್ತಿತ್ತು. ಅವನಿಗೆ ಯಾವ ಪಂಡಿತರೂ ಕಲಿಸಿರಲಿಲ್ಲ.

ಹಿಂದೂಸ್ತಾನಿ ಗಾಯಕರು ಆ ಒಂದು ಸುತ್ತಿಗೆ ಆವರ್ತ ಎನ್ನುತ್ತಾರೆ, ನೀರು ಸುರಿಯುವ ಜಾಗಕ್ಕೆ ಸಮ ಎನ್ನುತ್ತಾರೆ. ಏಕತಾಳದ ಸುತ್ತಿಗೆ 12 ಮಾತ್ರೆ, ತೀನತಾಳಕ್ಕೆ 16, ಝೂಮರಾ ತಾಳಕ್ಕೆ 14. ಹುಡುಗ ತೊಡೆ ಬಡಿದುಕೊಂಡು ಎಣಿಸುವುದು ಇದನ್ನೇ. ಖಯಾಲು ಹಾಡುವವರ ಚೀಜು ಎರಡು ಭಾಗದ್ದು. ಮೊದಲ ಭಾಗ ಸ್ಥಾಯಿ, ಅದು ಕೆಳಗಿನ ಮತ್ತು ನಡುವಿನ ಸ್ವರಗಳಲ್ಲಿ ಓಡಾಡುತ್ತದೆ. ಎರಡನೆಯದು ಅಂತರಾ, ಅದು ಮೇಲಿನ ಷಡ್ಜವನ್ನು ಮುಟ್ಟಿ ಬರುತ್ತದೆ. ಗಾಯಕರು ಎಷ್ಟೇ ದೂರ ಹೋಗಲಿ, ಆಲಾಪ ಮಾಡಲಿ, ತಾನು ಹೊಡೆಯಲಿ, ಸುತ್ತು ಮುಗಿಯುವಾಗ ಸ್ಥಾಯಿಯ ಮೊದಲ ಸಾಲಿನ ಒಂದು ತುಣುಕನ್ನು ಹಿಡಿದುಕೊಂಡೇ ಸಮಕ್ಕೆ ಬರಬೇಕು. ಆ ತುಣುಕಿಗೆ ಮುಖಡಾ ಎಂದು ಹೆಸರು. ಒಳ್ಳೆಯ ಗಾಯಕರು ಸಮಕ್ಕೆ ಬಂದಾಗ ಸಭೆಯಲ್ಲಿ ಏನೂ ತಿಳಿಯದವರ ತಲೆ ಕೂಡ ತಾನಾಗಿ ಬಾಗುತ್ತದೆ. ಭಕ್ತಿ ಸಾಕು, ಲೆಕ್ಕ ಬೇಡ ಎಂದು ನೀವು ಹೇಳಿದರೂ ನಿಮ್ಮ ಕುತ್ತಿಗೆ ಆ ಲೆಕ್ಕವನ್ನು ಮಾಡುತ್ತಲೇ ಇರುತ್ತದೆ.

ನಮ್ಮ ಈ ಸೀಮೆಯವರು ಇದನ್ನು ಕಲಿಯುವುದಕ್ಕೆ ಬೇರೆಯವರಿಗಿಂತ ಹೆಚ್ಚು ಅನುಕೂಲದಲ್ಲಿದ್ದೇವೆ ಎಂದು ನಮಗೆ ಅನ್ನಿಸುತ್ತದೆ. ಈಗ ನಾವು ವಿಜಯನಗರ ಜಿಲ್ಲೆಯವರು. ಅದಕ್ಕೆ ಮೊದಲು ಬಳ್ಳಾರಿ ಜಿಲ್ಲೆ, ಹರಪನಹಳ್ಳಿಯವರು ನಡುವೆ 1997ರಿಂದ 2018ರವರೆಗೆ ದಾವಣಗೆರೆಗೂ ಹೋಗಿಬಂದವರು. ಆದರೆ 1953ರ ವರೆಗೆ ಇದೆಲ್ಲ ಮದರಾಸು ಆಡಳಿತಕ್ಕೆ ಸೇರಿದ ನೆಲ. ತುಂಗಭದ್ರೆಯ ಆಚೆ ದಡದಿಂದ ಧಾರವಾಡ ಜಿಲ್ಲೆ, ಮುಂಬಯಿ ಆಡಳಿತ. ಈಚೆಗೆ ಪಲ್ಲವಿ, ಅನುಪಲ್ಲವಿ, ಚರಣಗಳ ಕೀರ್ತನೆ. ಆಚೆಗೆ ಸ್ಥಾಯಿ, ಅಂತರಾಗಳ ಖಯಾಲು. ನಾಟಕದ ಕಂಪನಿಗಳು, ಭಜನೆಯ ಮೇಳಗಳು ಹೊಳೆ ದಾಟಿ ಈ ಕಡೆಗೂ ಆ ಕಡೆಗೂ ಓಡಾಡಿದವು. ನಮ್ಮ ಹಿರಿಯರ ಕಿವಿಯಲ್ಲಿ ಎರಡೂ ಇದ್ದವು.

ಎರಡನ್ನೂ ಕಲಿತು ಒಂದೇ ಕಂಠದಲ್ಲಿ ಇಟ್ಟುಕೊಂಡವರು ಲಿಂಗೈಕ್ಯ ಪಂಡಿತ ಪಂಚಾಕ್ಷರ ಗವಾಯಿಗಳವರು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದವರು, ಹುಟ್ಟಿನಿಂದ ಕಣ್ಣಿಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳು ಆ ಹುಡುಗನ ಧ್ವನಿಯನ್ನು ಗುರುತಿಸಿದರು. ಮೈಸೂರಿಗೆ ಕಳಿಸಿ ಕರ್ನಾಟಕ ಸಂಗೀತ ಕಲಿಸಿದರು. ಆಮೇಲೆ ಮಿರಜಿನ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿಯ ಪಾಠವಾಯಿತು. ಕಿರಾನಾ ಘರಾಣೆಯ ಅಬ್ದುಲ್ ವಹೀದ್ ಖಾನರಿಂದಲೂ ಪಾಠವಾಯಿತು. ಒಬ್ಬ ಶಿವಯೋಗಿಗಳು ಒಬ್ಬ ಅಂಧ ಬಾಲಕನಿಗೆ ವಿದ್ಯೆ ಕೊಡಿಸಲು ಹೊರಟಾಗ ಖಾನಸಾಹೇಬರ ಜಾತಿಮತ ಯಾರಿಗೂ ಅಡ್ಡ ಬರಲಿಲ್ಲ ಎಂಬುದನ್ನೂ ಈ ಹೊತ್ತು ನೆನೆಯಬೇಕು.

ಆ ಖಾನಸಾಹೇಬರ ವಿಶೇಷವೇನು ಗೊತ್ತೇ? ಮೇರುಖಂಡ ಎಂಬ ಕ್ರಮ. ಮೂರು ಸ್ವರಗಳನ್ನು ಒಂದೂ ಬಿಡದೆ, ಒಂದನ್ನೂ ಎರಡು ಸಲ ತಾರದೆ ಜೋಡಿಸಿದರೆ 6 ಬಗೆ ಆಗುತ್ತವೆ. ನಾಲ್ಕಾದರೆ 24. ಐದಾದರೆ 120. ಏಳೂ ಸ್ವರಗಳಿಗೆ 5040. ಇದು 13ನೆಯ ಶತಮಾನದ ಶಾರ್ಙ್ಗದೇವನ ಸಂಗೀತರತ್ನಾಕರದಲ್ಲಿಯೂ ಬರುವ ಗಣಿತ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಸ್ವರದಿಂದ ಮುಂದಿನ ಸ್ವರಕ್ಕೆ ಅವಸರವಿಲ್ಲದೆ ಬಹಳ ನಿಧಾನವಾಗಿ ರಾಗವನ್ನು ಬೆಳೆಸುವುದು ಅವರ ರೀತಿ. ಹಾಗೆಂದು 5040ನ್ನೂ ಹಾಡಿ ತೋರಿಸುವವನು ಗಾಯಕನಲ್ಲ, ಅವನು ಅಂಗಡಿಯ ಲೆಕ್ಕದವನು. ಅಷ್ಟರಲ್ಲಿ ಈ ರಾಗಕ್ಕೆ ಸಲ್ಲುವುದು ಯಾವುದು, ಸಲ್ಲದ್ದು ಯಾವುದು ಎಂದು ಆರಿಸುವುದೇ ವಿದ್ಯೆ. ಮುಂದೆ ಪಂಚಾಕ್ಷರ ಗವಾಯಿಗಳವರಿಂದ ಈ ವಿದ್ಯೆ ಲಿಂಗೈಕ್ಯ ಪುಟ್ಟರಾಜ ಗವಾಯಿಗಳವರಿಗೆ ಬಂತು. 2010ರಲ್ಲಿ ಅವರು ಲಿಂಗೈಕ್ಯರಾಗುವವರೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟು ಅಂಧ ಮಕ್ಕಳು, ಎಷ್ಟು ಬಡ ಮಕ್ಕಳು ಕಲಿತರೋ! ನಮ್ಮ ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ವೆಂಕಟೇಶಕುಮಾರರು ಹುಡುಗನಾಗಿ ಅಲ್ಲಿಗೆ ಹೋಗಿ ಕಲಿತವರೇ. ಆ ಅಂಧ ಮಕ್ಕಳು ಹಾಡಿನ ರೂಪವನ್ನು ಕಾಗದದ ಮೇಲೆ ಬರೆದು ನೋಡಿದರೇ? ಇಲ್ಲ. ತೊಡೆ ಬಡಿದುಕೊಂಡೇ ನೋಡಿದರು. ಗೃಹಸ್ಥರು ಇದನ್ನು ಸ್ವಲ್ಪ ಗಮನಿಸಬೇಕು.

ಇನ್ನು ನಮ್ಮ ಮುಖ್ಯ ಮಾತಿಗೆ ಬರೋಣ. ಎಲ್ಲ ಹಾಡಿಗೂ ತಿರುಗಿ ತಿರುಗಿ ಬರುವ ಒಂದು ಭಾಗವಿರುತ್ತದೆ. ನಮ್ಮ ಭಜನೆಯವರು ಅದಕ್ಕೆ ಪಲ್ಲ ಎನ್ನುತ್ತಾರೆ, ಉಳಿದದ್ದಕ್ಕೆ ನುಡಿ ಎನ್ನುತ್ತಾರೆ. ಮುಂದಿನವರು ನುಡಿ ಹೇಳಿದರೆ ಹಿಂದಿನವರು ಪಲ್ಲ ಹಿಡಿಯುತ್ತಾರೆ. ತತ್ವಪದಗಳೆಲ್ಲ ಹೀಗೆಯೇ. ಶರಣರ ಸ್ವರವಚನಗಳೆಂದು ಪ್ರಸಿದ್ಧವಾದವೂ ಹೀಗೆಯೇ, ಅವುಗಳಿಗೆ ಪಲ್ಲವಿಯೂ ಉಂಟು, ರಾಗದ ಹೆಸರೂ ಉಂಟು. ರತ್ನಾಕರದಂಥ ಹಳೆಯ ಶಾಸ್ತ್ರಗ್ರಂಥಗಳಲ್ಲಿ ಪ್ರಬಂಧವೆಂಬ ಹಾಡಿನ ಅವಯವಗಳಿಗೆ ಧಾತು ಎಂದು ಹೆಸರು. ಉದ್ಗ್ರಾಹ, ಮೇಲಾಪಕ, ಧ್ರುವ, ಆಭೋಗ. ಎತ್ತಿಕೊಳ್ಳುವುದು ಉದ್ಗ್ರಾಹ. ಕೂಡಿಸುವುದು ಮೇಲಾಪಕ. ಹಾಡಿದವನ ಹೆಸರು, ಅಂಕಿತ ಬರುವ ಮುಕ್ತಾಯ ಆಭೋಗ. ಇವುಗಳಲ್ಲಿ ಮೇಲಾಪಕವನ್ನು ಬಿಡಬಹುದು, ಆಭೋಗವನ್ನು ಬಿಡಬಹುದು. ಆದರೆ ಧ್ರುವವನ್ನು ಬಿಡುವಂತಿಲ್ಲ. ಬಿಡಲಾಗದ್ದು, ಕದಲದ್ದು, ಅದಕ್ಕೇ ಅದು ಧ್ರುವ.

ಈಗ ವಚನಕ್ಕೆ ಬನ್ನಿರಿ. ವಚನಕ್ಕೆ ಅಂಕಿತ ಉಂಟು. ಪಲ್ಲ ಎಲ್ಲಿದೆ? ಇಲ್ಲ! ಪುಸ್ತಕ ತೆಗೆದು ನೋಡಿರಿ, ಯಾವ ವಚನದ ಮೇಲೂ ಇದು ಪಲ್ಲವಿ, ಇದು ಚರಣ ಎಂದು ಬರೆದಿಲ್ಲ. ಅದು ಮಾತು. ಮಾತು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆಗೆ ಹೋಗಿ ನಿಲ್ಲುತ್ತದೆ, ಹೊರಟಲ್ಲಿಗೆ ಹಿಂತಿರುಗುವುದಿಲ್ಲ. ಹಾಡಾದರೋ ಹಿಂತಿರುಗಲೇಬೇಕು. ಹಾಗಾದರೆ ಮಾತನ್ನು ಹಾಡು ಮಾಡುವವರು ಯಾವ ಸಾಲಿಗೆ ಹಿಂತಿರುಗಬೇಕು? ಬಸವಣ್ಣನವರು ಗುರುತು ಮಾಡಿಟ್ಟಿಲ್ಲ. ಗಾಯಕರೇ ಆರಿಸಬೇಕು. ತಪ್ಪಾಗಿ ಆರಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಒಂದು ಕಥೆ ಇದೆ. ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇವೆ.

ನಾವಾಗ ಇನ್ನೂ ಮರಿದೇವರು. ಸ್ವಲ್ಪ ಕಂಠವಿತ್ತು, ನಾಲ್ಕು ವರ್ಷದ ಪಾಠವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಬರುತ್ತದೆ ಎಂಬ ಹೆಮ್ಮೆ ಇತ್ತು. ಇದೇ ಸೀಮೆಯ ಒಂದು ಹಳ್ಳಿಯಲ್ಲಿ ಹೊಸ ಗುಡಿಯ ಕಳಸಾರೋಹಣ. ನಮ್ಮ ಗುರುಗಳಿಗೆ ಹೋಗಲಾಗದೆ ನಮ್ಮನ್ನು ಕಳಿಸಿದ್ದರು. ಗುಡಿಯ ಸಂದರ್ಭವಲ್ಲವೇ, ಗುಡಿಯ ಮಾತು ಇರುವ ವಚನ ಹಾಡೋಣವೆಂದು ಬಸವಣ್ಣನವರ ಆ ಪ್ರಸಿದ್ಧ ವಚನವನ್ನೇ ಎತ್ತಿಕೊಂಡೆವು. ಧನವಂತರು ದೇವಾಲಯ ಕಟ್ಟಿಸುವ ಮಾತಿನಿಂದ ಮೊದಲಾಗಿ, ಬಡವನು ತಾನೇನು ಮಾಡಲಿ ಎಂದು ಕೇಳಿ, ತನ್ನ ಮೈಯನ್ನೇ ದೇಗುಲವೆಂದು ತೋರಿಸುವ ವಚನ. ನಿಮಗೆಲ್ಲ ಬಾಯಿಪಾಠ. ಮೊದಲ ಸಾಲನ್ನು ಮುಖಡಾ ಮಾಡಿಕೊಂಡೆವು. ಆಲಾಪ ಮಾಡಿ ಮೊದಲ ಸಾಲಿಗೆ ಬಂದೆವು, ತಾನು ಹೊಡೆದು ಮೊದಲ ಸಾಲಿಗೆ ಬಂದೆವು, ತಬಲಾದವನ ಸಂಗಡ ಆಟವಾಡಿ ಮೊದಲ ಸಾಲಿಗೆ ಬಂದೆವು, ಕೊನೆಗೆ ತಿಹಾಯಿ ಹಾಕಿ ಅದೇ ಮೊದಲ ಸಾಲಿನ ಮೇಲೆ ಸಮಕ್ಕೆ ಮುಗಿಸಿದೆವು. ಚಪ್ಪಾಳೆಯೋ ಚಪ್ಪಾಳೆ! ದೇಣಿಗೆ ಕೊಟ್ಟ ದೊಡ್ಡವರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಾವು ಮೊದಲ ಸಾಲಿಗೆ ಬಂದಾಗಲೆಲ್ಲ ಅವರ ತಲೆ ಸಂತೋಷದಿಂದ ಆಡುತ್ತಿತ್ತು. ಎದ್ದು ಬಂದು ನಮಗೆ ಶಾಲು ಹೊದಿಸಿದರು.

ಪ್ರಸಾದದ ಹೊತ್ತಿಗೆ ಕಂಬಳಿ ಹೊದ್ದ ಒಬ್ಬ ಅಜ್ಜ ಬಂದು ಪಾದ ಮುಟ್ಟಿದ. ಆ ಗುಡಿಗೆ ಕೂಲಿಯ ಮೇಲೆ ಕಲ್ಲು ಹೊತ್ತವನು. "ಬುದ್ಧೀ, ಭಾಳ ಚೆಂದ ಹಾಡಿದ್ರಿ. ರೊಕ್ಕ ಇದ್ದೋರು ಗುಡಿ ಕಟ್ಟಸ್ತಾರ ಅಂತ ಮತ್ ಮತ್ ಹೇಳಿದ್ರಿ. ಇಲ್ಲದೋರು ಏನ್ ಮಾಡಬೇಕಂತ ಆತು? ಅದು ನನಗ ಕೇಳಿಸಲೇ ಇಲ್ಲ" ಎಂದ.

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿ ತಿಳಿಯಲೆಂದೇ ಕೇಳಿದ. ನಮ್ಮ ಬಾಯಿಂದ ಉತ್ತರ ಹೊರಡಲಿಲ್ಲ. ಭಕ್ತರೊಬ್ಬರು ಅಂದಿನ ಹಾಡನ್ನು ಟೇಪಿನಲ್ಲಿ ಹಿಡಿದಿದ್ದರು. ಮಠಕ್ಕೆ ಬಂದ ಮೇಲೆ ಹಾಕಿ ಕೇಳಿದೆವು, ಎಣಿಸಿದೆವು. ಮೊದಲ ಸಾಲು ಇಪ್ಪತ್ತೇಳು ಸಲ ಬಂದಿತ್ತು. ಬಡವನ ಪ್ರಶ್ನೆ ಎರಡು ಸಲ. ಕೊನೆಯ ಮಾತು ಒಂದೇ ಒಂದು ಸಲ, ಅದೂ ತಬಲಾದ ಅಬ್ಬರದ ಕೆಳಗೆ. ಬಸವಣ್ಣನವರು ಯಾರನ್ನು ದಾಟಿ ಮುಂದೆ ಹೋಗಬೇಕೆಂದು ಆ ವಚನ ಆಡಿದರೋ, ನಾವು ಅವರ ಬಾಗಿಲಿಗೇ ಇಪ್ಪತ್ತೇಳು ಸಲ ಹೋಗಿ ನಿಂತಿದ್ದೆವು. ಶ್ರುತಿ ತಪ್ಪಿರಲಿಲ್ಲ, ತಾಳ ತಪ್ಪಿರಲಿಲ್ಲ. ಪಲ್ಲ ತಪ್ಪಿತ್ತು.

ನಮ್ಮ ಗುರುಗಳು ಕೇಳಿ ಬೈಯಲಿಲ್ಲ. ಒಂದು ತಿಂಗಳು ಹಾಡಬೇಡ, ದಿನಕ್ಕೊಂದು ವಚನ ಬರೆದು ಅದು ಎಲ್ಲಿ ತಿರುಗುತ್ತದೆ ಎಂದು ಗೆರೆ ಎಳೆದು ತಂದು ತೋರಿಸು ಎಂದರು. ಮೊದಮೊದಲು ಶಿಕ್ಷೆ ಎನ್ನಿಸಿತು. ಆಮೇಲೆ ಒಂದೊಂದು ವಚನದ ಮೈಕಟ್ಟು ಒಂದೊಂದು ತರಹ ಎಂಬುದು ಕಾಣತೊಡಗಿತು.

ಅಕ್ಕಮಹಾದೇವಿಯವರ ಕನಸಿನ ವಚನವನ್ನು ತೆಗೆದುಕೊಳ್ಳಿರಿ. ಪಂಡಿತ ಮಲ್ಲಿಕಾರ್ಜುನ ಮನಸೂರರ ಕಂಠದಲ್ಲಿ ಅದನ್ನು ನೀವು ಕೇಳಿದ್ದೀರಿ. ಅವರು 1992ರಲ್ಲಿ ತೀರಿಕೊಂಡರು, ಆದರೆ ಅವರ ಹಾಡು ಈಗ ಎಲ್ಲರ ಕೈಯಲ್ಲಿರುವ ಫೋನಿನಲ್ಲೇ ಸಿಗುತ್ತದೆ. ಆ ವಚನ ಒಬ್ಬ ಹೆಣ್ಣುಮಗಳು ಇನ್ನೊಬ್ಬ ಹೆಣ್ಣುಮಗಳನ್ನು ಕರೆದು ಹೇಳುವ ಮಾತು. ಮೊದಲಿಗೇ ಕರೆ, ಆಮೇಲೆ ಕನಸು. ಅಕ್ಕಿ ಕಂಡೆ, ಅಡಿಕೆ ಕಂಡೆ, ಭಿಕ್ಷೆಗೆ ಬಂದ ಗೊರವನನ್ನು ಕಂಡೆ ಎಂದು ತುಣುಕು ತುಣುಕಾಗಿ ಬರುತ್ತದೆ. ಮೈಲಾರದ ಗೊರವಪ್ಪಗಳು ಮನೆಯ ಮುಂದೆ ಡಮರುಗ ಬಾರಿಸಿಕೊಂಡು ನಿಲ್ಲುವುದನ್ನು ನೋಡಿದ ನಮ್ಮ ಹಡಗಲಿಯ ಕಡೆಯ ತಾಯಂದಿರಿಗೆ ಆ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಗಾಯಕರು ಪ್ರತಿ ತುಣುಕಿನ ಮೇಲೆ ಮೊದಲಿನ ಕರೆಗೆ ಹಿಂತಿರುಗಿದರೆ ಅದು ಸರಿಯೇ. ಕನಸು ಹೇಳುವವರು ಹಾಗೆಯೇ ಅಲ್ಲವೇ, ಒಂದು ಮಾತು ಹೇಳಿ, 'ಕೇಳಿದೆಯಾ' ಎಂದು ಮತ್ತೆ ಕರೆದು, ಇನ್ನೊಂದು ಮಾತು ಹೇಳುತ್ತಾರೆ. ಆ ವಚನದ ಧ್ರುವ ಅದರ ಬಾಗಿಲಲ್ಲೇ ಇದೆ.

ಇನ್ನೊಂದು, ಏಳು ಬೇಡಗಳ ವಚನ. ಕಳವು ಬೇಡ ಎಂಬಲ್ಲಿಂದ ಹಿಡಿದು ಏಳು ನಿಷೇಧ, ಅದರ ಮೇಲೆ ಇದೇ, ಇದೇ, ಇದೇ ಎಂದು ಮೂರು ಸಲ ಒತ್ತಿ ಹೇಳುವುದು. ಇದರಲ್ಲಿ ಏಳೂ ಸಮಾನ. ಯಾವುದೊಂದನ್ನೂ ಪಲ್ಲ ಮಾಡುವಂತಿಲ್ಲ. ಒಂದನ್ನು ಹಿಡಿದು ಹತ್ತು ನಿಮಿಷ ಆಲಾಪ ಮಾಡಿದರೆ ಉಳಿದ ಆರು ಹಗುರಾಗುತ್ತವೆ. ನಮ್ಮ ಊರ ಭಜನೆಯವರು ದಪ್ಪಿನ ಮೇಲೆ ಒಂದೇ ನಡೆಯಲ್ಲಿ ಪೆಟ್ಟು ಹಾಕಿದಂತೆ ಹೇಳಿಕೊಂಡು ಹೋಗುತ್ತಾರಲ್ಲ, ದೊಡ್ಡ ಗಾಯಕರು ವಿಸ್ತಾರ ಮಾಡುವುದಕ್ಕಿಂತ ಅದೇ ಆ ವಚನಕ್ಕೆ ಒಪ್ಪುತ್ತದೆ ಎಂದು ನಮ್ಮ ಅಭಿಪ್ರಾಯ. ಏಳು ಎಂದ ಕೂಡಲೇ ರೂಪಕತಾಳಕ್ಕೂ ಏಳು ಮಾತ್ರೆ ಎಂದು ಒಬ್ಬ ಪಂಡಿತರು ನಮಗೆ ಉತ್ಸಾಹದಿಂದ ಹೇಳಿದ್ದರು. ಅದು ಕಾಕತಾಳೀಯ. ಅಂಥದ್ದಕ್ಕೆಲ್ಲ ಅರ್ಥ ಹಚ್ಚುತ್ತ ಹೋದರೆ ವಿದ್ಯೆ ಹೋಗಿ ಪಂಚಾಂಗವಾಗುತ್ತದೆ.

ಇನ್ನು ಗುಡಿಯ ವಚನ. ಅದರ ಕಟ್ಟಡ ನೋಡಿರಿ. ಮೊದಲು ಇದ್ದವರ ಮಾತು ಒಂದು ಸಾಲಿನಲ್ಲಿ ಮುಗಿಯುತ್ತದೆ. ಆಮೇಲೆ ಇಲ್ಲದವನ ಪ್ರಶ್ನೆ. ಆಮೇಲೆ ಕಾಲು, ಮೈ, ತಲೆ ಮೂರೂ ಗುಡಿಯ ಮೂರು ಭಾಗಗಳಾಗುತ್ತವೆ. ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಹರಪನಹಳ್ಳಿಯ ಹತ್ತಿರ ಬಾಗಳಿಯ ಕಲ್ಲೇಶ್ವರನ ಗುಡಿಯ ಮುಂದೆ ನಿಂತು ಕಂಬದ ಬುಡದಿಂದ ಮೇಲಕ್ಕೆ ಕಣ್ಣು ಎತ್ತಿದ ಹಾಗೆ. ಅಂದ ಮೇಲೆ ರಾಗವೂ ಮಂದ್ರದಿಂದ ಮಧ್ಯಕ್ಕೆ, ಕಳಸದ ಮಾತಿಗೆ ತಾರಷಡ್ಜಕ್ಕೆ ಏರಬೇಕು. ಅಂತರಾ ಅದೇ. ಅಲ್ಲಿಗೆ ಮುಗಿಯಿತೇ? ಇಲ್ಲ. ಕಳಸ ಏರಿದ ಮೇಲೆ ಬಸವಣ್ಣನವರು ದೇವರನ್ನು ಹೆಸರು ಹಿಡಿದು ಕರೆದು, ಕೇಳು ಎನ್ನುತ್ತಾರೆ. ಅಂಕಿತವು ಕೊನೆಗೆ ಬಾರದೆ ಕೊನೆಗಿಂತ ಒಂದು ಹೆಜ್ಜೆ ಹಿಂದೆ ಬಂತು! ಅಂಕಿತವಾದ ಮೇಲೆ ಇನ್ನೊಂದು ಮಾತು ಉಳಿಯಿತು. ನಿಂತದ್ದಕ್ಕೆ ಅಳಿವಿದೆ, ನಡೆಯುವುದಕ್ಕೆ ಇಲ್ಲ ಎಂಬ ಮಾತು. ಕಟ್ಟಿದ ಗುಡಿಯನ್ನೂ ಮೈಯೆಂಬ ಗುಡಿಯನ್ನೂ ದಾಟಿದ ಮಾತು ಅದು.

ಕೀರ್ತನೆಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಚರಣದ ಕೊನೆಯಲ್ಲಿ ಮುದ್ರೆ ಬಂದರೂ ಗಾಯಕರು ಮತ್ತೆ ಪಲ್ಲವಿಗೆ ಹೋಗಿಯೇ ಮುಗಿಸುತ್ತಾರೆ. ಕೇಳಿದವರು ಪಲ್ಲವಿಯನ್ನು ನಾಲಗೆಯ ಮೇಲಿಟ್ಟುಕೊಂಡು ಮನೆಗೆ ಹೋಗುತ್ತಾರೆ. ದಾಸರ ಪದಕ್ಕೆ, ತ್ಯಾಗರಾಜರ ಕೃತಿಗೆ ಅದು ಸರಿ, ಅವರು ಹಾಗೆಂದೇ ಕಟ್ಟಿದ್ದಾರೆ. ಅದೇ ಕ್ರಮವನ್ನು ಈ ವಚನಕ್ಕೆ ತೊಡಿಸಿದರೆ ಶರಣರ ಕೊನೆಯ ಮಾತಿನ ಮೇಲೆ ಮಣ್ಣು ಎಳೆದಂತೆ. ಮೂರು ನಿಮಿಷದ ಗ್ರಾಮಫೋನ್ ತಟ್ಟೆಯ ಕಾಲದಿಂದ ಮೊದಲ ಸಾಲನ್ನೇ ಕಿವಿಗೆ ಕಟ್ಟುವ ಅಭ್ಯಾಸ ಇನ್ನೂ ಬಲವಾಯಿತೆಂದು ಕಾಣುತ್ತದೆ.

ಸಂಗೀತದವರ ಪರಿಭಾಷೆಯಲ್ಲಿ ಒಂದು ಸೋಜಿಗವಿದೆ. ಧ್ರುಪದದ ನಾಲ್ಕು ಭಾಗಗಳು ಸ್ಥಾಯಿ, ಅಂತರಾ, ಸಂಚಾರಿ, ಆಭೋಗ. ಸ್ಥಾಯಿ ಎಂದರೆ ನಿಂತದ್ದು, ಸಂಚಾರಿ ಎಂದರೆ ನಡೆಯುವುದು. ಸ್ಥಾವರ, ಜಂಗಮ ಎಂಬ ನಮ್ಮ ಮಾತುಗಳೇ ಅಲ್ಲವೇ! ಚೀಜು ಸ್ಥಾವರ, ನೂರು ವರ್ಷದ ಹಿಂದೆ ಕಟ್ಟಿದ್ದನ್ನು ಹಾಗೆಯೇ ಇಟ್ಟುಕೊಂಡು ಬಂದಿದ್ದಾರೆ. ಅದರ ಮೇಲೆ ಗಾಯಕರು ಆ ದಿನ, ಆ ಹೊತ್ತು ಮಾಡುವ ವಿಸ್ತಾರ ಜಂಗಮ. ಅದು ನಿನ್ನೆಯದಲ್ಲ, ನಾಳೆಗೂ ಇಲ್ಲ. ಇದನ್ನು ಶಬ್ದದ ಆಟವೆಂದು ತಳ್ಳಬೇಡಿರಿ, ಇದನ್ನೇ ಸಿದ್ಧಾಂತ ಮಾಡಿಕೊಂಡು ಕೂಡಲೂ ಬೇಡಿರಿ. ನಮಗೆ ಹೊಳೆದದ್ದನ್ನು ಹೇಳಿದೆವು ಅಷ್ಟೆ.

ಹಾಗಾದರೆ ಕೊನೆಯ ಮಾತನ್ನೇ ಪಲ್ಲ ಮಾಡಿ ಮೊದಲಿನಿಂದಲೂ ಅದಕ್ಕೇ ಹಿಂತಿರುಗಿದರಾಯಿತಲ್ಲ ಎನ್ನುತ್ತೀರಿ. ನಾವೂ ಹಾಗೆಯೇ ಮಾಡಿ ನೋಡಿದೆವು. ಆಗಲಿಲ್ಲ. ಪ್ರಶ್ನೆ ಕೇಳುವ ಮೊದಲೇ ಉತ್ತರ ಹೇಳಿದಂತಾಯಿತು, ಬಡವನ ಪ್ರಶ್ನೆಗೆ ತೂಕವೇ ಉಳಿಯಲಿಲ್ಲ. ಆಗ ನಮಗೆ ನೆನಪಾದದ್ದು ಮೈಲಾರದ ಕಾರ್ಣಿಕ. ಎಷ್ಟು ಸಾವಿರ ಜನ, ಎಷ್ಟು ಗದ್ದಲ! ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದ ಕೂಡಲೇ ಇಡೀ ಬಯಲು ಉಸಿರು ಹಿಡಿಯುತ್ತದೆ. ಒಂದೇ ಒಂದು ಮಾತು ಬೀಳುತ್ತದೆ. ಅದನ್ನು ಅವನು ಎರಡನೆಯ ಸಲ ಹೇಳುವುದಿಲ್ಲ. ಆದರೂ ಆ ಮಾತು ವರ್ಷವೆಲ್ಲ ಜನರ ಬಾಯಲ್ಲಿ ಇರುತ್ತದೆ. ಮತ್ತೆ ಮತ್ತೆ ಬಂದದ್ದೇ ಧ್ರುವ ಎಂದು ನಾವು ತಿಳಿದಿದ್ದೆವು. ಒಂದೇ ಸಲ ಬಂದರೂ ಧ್ರುವವಾಗುವ ಬಗೆ ನಮ್ಮ ಸೀಮೆಯ ಜಾತ್ರೆಯಲ್ಲೇ ಇತ್ತು.

ಈ ವಚನವನ್ನು ಪಾಠಶಾಲೆಯ ಹುಡುಗರ ಮುಂದೆ ಇಟ್ಟು ನಾಲ್ಕು ತಿಂಗಳಾಯಿತು. ಅವರು, ಅವರ ಮಾಸ್ತರರು, ನಾವು ಕೂಡಿ ಕಟ್ಟಿದ್ದು ಹೀಗಿದೆ. ರಾಗ ಬಾಗೇಶ್ರೀ, ಈ ಹೊತ್ತಿಗೆ ಸಲ್ಲುವ ರಾಗ. ಇದ್ದವರ ಸಾಲು, ಬಡವನ ಪ್ರಶ್ನೆ ಎರಡನ್ನೂ ತಾಳವಿಲ್ಲದೆ, ಮಾತಿನ ನಡೆಯಲ್ಲಿ, ತಂಬೂರಿಯ ಮೇಲೆ ಮಾತ್ರ ಹೇಳುವುದು. ಮೈಯ ಗುಡಿ ಕಟ್ಟತೊಡಗಿದಾಗ ಏಕತಾಳ ಹಿಡಿಯುವುದು. ಕಾಲು, ಮೈ, ತಲೆ ಮೂರಕ್ಕೂ ಒಂದೊಂದು ಆವರ್ತ. ಕಳಸಕ್ಕೆ ತಾರಷಡ್ಜ. ದೇವರ ಹೆಸರು ಬಂದ ಕೂಡಲೇ ತಬಲಾ ನಿಲ್ಲಿಸುವುದು, ಒಂದು ಪೂರ್ತಿ ಆವರ್ತ ಬರೀ ತಂಬೂರಿ. ಆಮೇಲೆ ಕೊನೆಯ ಮಾತು, ಒಂದೇ ಸಲ. ತಿಹಾಯಿ ಇಲ್ಲ, ಹಿಂತಿರುಗುವುದಿಲ್ಲ.

ಎಲ್ಲ ಆದ ಮೇಲೂ ಒಂದು ಕಡೆ ನಮಗೂ ಮಾಸ್ತರರಿಗೂ ಸಮಾಧಾನವಾಗಿರಲಿಲ್ಲ. ಕೊನೆಯ ಮಾತು ಎರಡು ತುಂಡಿನದು. ಎರಡನ್ನೂ ವಾಡಿಕೆಯಂತೆ ಷಡ್ಜಕ್ಕೆ ತಂದು ಕೂಡಿಸಿದ್ದೆವು. ಒಂದು ಸಂಜೆ ಒಬ್ಬ ಹುಡುಗ ತೊಡೆಯ ಮೇಲೆ ಮಾತ್ರೆ ಎಣಿಸುತ್ತ ಕುಳಿತವನು ತಲೆಯೆತ್ತಿ, "ಬುದ್ಧೀ, ನಿಂತದ್ದನ್ನ ಸಾ ಮ್ಯಾಲೆ ನಿಲ್ಲಿಸೋಣ. ನಡಿಯೋದನ್ನೂ ಸಾ ಮ್ಯಾಲೆ ತಂದು ಕುಂದ್ರಿಸಿದ್ರ ಅದೂ ನಿಂತಂಗಾತಲ್ರಿ" ಎಂದ. ಮಾಸ್ತರರು ನಮ್ಮ ಮುಖ ನೋಡಿದರು, ನಾವು ಮಾಸ್ತರರ ಮುಖ ನೋಡಿದೆವು. ಬಾಗೇಶ್ರೀಗೆ ಮಧ್ಯಮ ಜೀವಸ್ವರ, ಅದರ ಮೇಲೆ ಬಿಟ್ಟರೆ ರಾಗ ಕೆಡುವುದಿಲ್ಲ. ಎರಡನೆಯ ತುಂಡನ್ನು ಮಧ್ಯಮದ ಮೇಲೆ ಬಿಟ್ಟೆವು. ಆ ಹುಡುಗ, ನಿನ್ನೆ ನಮ್ಮನ್ನು ಪ್ರಶ್ನೆ ಕೇಳಿದ ಗೃಹಸ್ಥರ ಮಗ. ಅವನನ್ನು ಊರಿಗೆ ಕರೆದುಕೊಂಡು ಹೋಗಬೇಕೆಂದು ಅವರು ಬಂದಿರುವುದು ನಮಗೆ ಗೊತ್ತು. ಕರೆದುಕೊಂಡು ಹೋಗುವುದು ಅವರ ಹಕ್ಕು, ನಾವು ಅಡ್ಡ ಬರುವುದಿಲ್ಲ. ಈ ಹೊತ್ತಿನ ಹಾಡು ಕೇಳಿ, ಆಮೇಲೆ ಹೋಗಲಿ.

ಹೀಗೆ ಮುಗಿಸಿದರೆ ಹಾಡು ಮುಗಿದಂತೆಯೇ ಆಗುವುದಿಲ್ಲ ಎಂದು ಕೇಳಿದ ಇಬ್ಬರು ಹಿರಿಯರು ಹೇಳಿದ್ದಾರೆ. ಅವರು ತಿಳಿದವರು, ಅವರ ಮಾತನ್ನೂ ನಾವು ತೆಗೆದುಹಾಕುವುದಿಲ್ಲ. ನೀವು ಕೇಳಿ ಹೇಳಿರಿ. ಕೊನೆಯ ಮಾತು ಬಂದ ಮೇಲೆ ಚಪ್ಪಾಳೆ ಹೊಡೆಯಲು ಅವಸರ ಮಾಡಬೇಡಿರಿ, ಅಷ್ಟೊಂದು ನಮಗಾಗಿ ನಡೆಸಿಕೊಡಿರಿ.

ಹುಡುಗರೇ, ಮುಂದೆ ಬನ್ನಿರಪ್ಪಾ. ತಂಬೂರಿ ಶ್ರುತಿ ಮಾಡಿಕೊಳ್ಳಿರಿ. ಆ ಮೈಕನ್ನು ಸ್ವಲ್ಪ ಕೆಳಗೆ ಮಾಡಿಕೊಡಿರಿ, ಚಿಕ್ಕವರಿದ್ದಾರೆ.